ಕರೆಂಟು ಹೋದಾಗ ಪ್ಯಾಕೇಜು ಎಲ್ಲಿತ್ತು?

ಆಟಿ ತಿಂಗಳ ಒಂದು ಮಧ್ಯಾಹ್ನ. ಕಾಲೇಜೊಂದರ ಲ್ಯಾಬಿನಲ್ಲಿ ಇಪ್ಪತ್ತು ಲಿನಕ್ಸ್ ಯಂತ್ರಗಳಿಗೆ ಒಟ್ಟಿಗೇ ಅಪ್‌ಗ್ರೇಡ್ ಕೊಟ್ಟು ನಾವು ಚಹಾಕ್ಕೆ ಹೋಗಿದ್ದೆವು. ಎಲ್ಲೋ ಲೈನಿನ ಮೇಲೆ ಮರ ಬಿತ್ತು. ಯುಪಿಎಸ್ ಹೆಸರಿಗೆ ಮಾತ್ರ ಇತ್ತು. ಕರೆಂಟು ಬಂದ ಮೇಲೆ ಹದಿನಾರು ಯಂತ್ರಗಳು ಏನೂ ನಡೆದೇ ಇಲ್ಲವೆಂಬಂತೆ ಎದ್ದವು. ಮೂರು ಯಂತ್ರಗಳು ‘ಕೆಲಸ ಅರ್ಧದಲ್ಲಿ ನಿಂತಿದೆ’ ಎಂದು ದೂರು ಹೇಳಿ, ಒಂದು ಆಜ್ಞೆ ಕೊಟ್ಟೊಡನೆ ಸರಿಯಾದವು. ಒಂದು ಮಾತ್ರ ಏಳಲೇ ಇಲ್ಲ. ಅದರ ಡಿಸ್ಕ್ ಕಳಚಿ ಬೇರೆ ಯಂತ್ರಕ್ಕೆ ಸಿಕ್ಕಿಸಿ ನೋಡಿದರೆ, ಒಂದು ಮುಖ್ಯ ಲೈಬ್ರರಿ ಫೈಲು ಸೊನ್ನೆ ಬೈಟಿನದು. ಹೆಸರು ಸರಿ, ಜಾಗ ಸರಿ, ಒಳಗೆ ಖಾಲಿ.

ಮುಕ್ತ ತಂತ್ರಾಂಶದ ಕಾರ್ಯಾಚರಣ ವ್ಯವಸ್ಥೆಯೊಂದಕ್ಕೆ ಹೊಸ ಬೈನರಿ ಪ್ಯಾಕೇಜ್ ಮ್ಯಾನೇಜರ್ ಬರೆಯುತ್ತೇವೆ ಎಂದು ಯಾರಾದರೂ ಬಂದರೆ ನಾನು ಮೊದಲು ಈ ಕತೆ ಹೇಳುತ್ತೇನೆ. ಇನ್‌ಸ್ಟಾಲ್ ಮಾಡುವ ಕೋಡು ಒಂದು ವಾರದ ಕೆಲಸ. ಇನ್‌ಸ್ಟಾಲ್ ನಡುವೆ ಕರೆಂಟು ಹೋದರೆ ಏನು ಎಂಬ ಪ್ರಶ್ನೆಗೆ ಉತ್ತರ ಬರೆಯುವುದು ಉಳಿದ ವರ್ಷದ ಕೆಲಸ. ಆ ಉತ್ತರವನ್ನು ಮೊದಲು ಬರೆದುಕೊಂಡವರ ವಿನ್ಯಾಸ ನಿಲ್ಲುತ್ತದೆ.

ಬಂಟ್ವಾಳ ತಾಲೂಕಿನ ಬೆಂಜನಪದವು, ಮೂಡುಬಿದಿರೆ ಪಕ್ಕದ ಮಿಜಾರು, ಬೆಳ್ತಂಗಡಿಯ ಉಜಿರೆ – ಮೂರೂ ಕಡೆ ಇಂಜಿನಿಯರಿಂಗ್ ಕಾಲೇಜುಗಳಿವೆ. ಕೊನೆಯ ವರ್ಷದ ಪ್ರಾಜೆಕ್ಟ್ ಎಂದೊಡನೆ ಮುಖ ಗುರುತಿಸಿ ಹಾಜರಿ ಹಾಕುವ ಆ್ಯಪ್ ಮಾಡುವ ತಂಡಗಳೇ ಹೆಚ್ಚು. ಅದನ್ನು ಬಿಟ್ಟು ಸ್ವಲ್ಪ ಗಟ್ಟಿ ವಿಷಯ ಹುಡುಕುವ ನಾಲ್ವರಿಗಾಗಿ ಈ ಲೇಖನ.

ಭತ್ತ, ಅಕ್ಕಿ ಮತ್ತು ಒಂದು ಹಳೇ ಉದಾಹರಣೆ

ಸೋರ್ಸ್ ಕೋಡು ಭತ್ತವಿದ್ದಂತೆ, ಬೈನರಿ ಪ್ಯಾಕೇಜು ಅಕ್ಕಿಯಂತೆ. ಪ್ರತಿ ಮನೆಯಲ್ಲೂ ಭತ್ತ ಕುಟ್ಟುವ ಬದಲು ಒಂದು ಮಿಲ್ಲಿನಲ್ಲಿ ಒಮ್ಮೆ ಅಕ್ಕಿ ಮಾಡಿ ಹಂಚಿದರೆ ಎಲ್ಲರ ಹೊತ್ತೂ ಉಳಿಯುತ್ತದೆ. ಆದರೆ ಮಿಲ್ಲಿನವನನ್ನು ನಂಬಬೇಕಾಗುತ್ತದೆ, ಚೀಲದ ಮೇಲೆ ಬರೆದದ್ದು ನಿಜವಿರಬೇಕಾಗುತ್ತದೆ. ಪ್ಯಾಕೇಜ್ ಮ್ಯಾನೇಜರಿನ ಅರ್ಧ ತಲೆನೋವು ಈ ನಂಬಿಕೆಯದ್ದು.

ಫ್ರೀಬಿಎಸ್‌ಡಿ ವ್ಯವಸ್ಥೆಯ ಚರಿತ್ರೆ ಇಲ್ಲಿ ಪಾಠದಂತಿದೆ. ಅಲ್ಲಿ ‘ಪೋರ್ಟ್ಸ್’ ಎಂಬ ಸೋರ್ಸ್ ಸಂಗ್ರಹ ಬಲವಾಗಿತ್ತು; ಬೈನರಿ ಪ್ಯಾಕೇಜಿನ ಹಳೆ ಉಪಕರಣಗಳು ಬಡವಾಗಿದ್ದವು. ಹಾಕಬಹುದಿತ್ತು, ತೆಗೆಯಬಹುದಿತ್ತು, ಆದರೆ ಹಳತರಿಂದ ಹೊಸತಿಗೆ ನೆಟ್ಟಗೆ ಏರುವ ದಾರಿ ಇರಲಿಲ್ಲ. ಅದಕ್ಕೆ ಬೇರೆಯೇ ಉಪಕರಣಗಳನ್ನು ಹಿಡಿಯಬೇಕಿತ್ತು. ಪ್ರತಿ ಪ್ಯಾಕೇಜಿಗೆ ಒಂದು ಡೈರೆಕ್ಟರಿ, ಅದರೊಳಗೆ ಕೆಲವು ಪಠ್ಯ ಫೈಲುಗಳು – ಇಷ್ಟೇ ಅವರ ದಾಖಲೆ. ಬಾಪ್ಟಿಸ್ಟ್ ದಾರೂಸಾಂ ಮುಂದಾಗಿ ಹೊಸದಾಗಿ ಬರೆದ ‘ಪಿಕೆಜಿ’ 2014ರ ಜನವರಿಯಲ್ಲಿ ಬಂದ ಫ್ರೀಬಿಎಸ್‌ಡಿ 10.0ರಿಂದ ಅಲ್ಲಿನ ಅಧಿಕೃತ ಉಪಕರಣವಾಯಿತು. ದಾಖಲೆಗೆ ಎಸ್‌ಕ್ಯೂಲೈಟ್ ಡೇಟಾಬೇಸ್ ಬಂತು, ಅಪ್‌ಗ್ರೇಡ್ ಒಂದೇ ಆಜ್ಞೆಯ ಕೆಲಸವಾಯಿತು. ಇನ್ನೊಂದು ಜಾಣತನವನ್ನೂ ಗಮನಿಸಿ. ಮೂಲ ವ್ಯವಸ್ಥೆಯೊಳಗೆ ಇರುವುದು ಪಿಕೆಜಿಯ ಒಂದು ಪುಟ್ಟ ತುಂಡು ಮಾತ್ರ. ಅದು ನಿಜವಾದ ಪಿಕೆಜಿಯನ್ನು ಇಳಿಸಿಕೊಳ್ಳುತ್ತದೆ. ಹೀಗಾಗಿ ಇಡೀ ವ್ಯವಸ್ಥೆಯ ಹೊಸ ಆವೃತ್ತಿಗೆ ಕಾಯದೆ ಪ್ಯಾಕೇಜ್ ಮ್ಯಾನೇಜರ್ ತಾನೇ ಹೊಸದಾಗಬಲ್ಲದು. ತನ್ನನ್ನು ತಾನು ಬದಲಿಸಿಕೊಳ್ಳುವ ದಾರಿ ನಿಮ್ಮ ವಿನ್ಯಾಸದಲ್ಲಿಲ್ಲದಿದ್ದರೆ ಮೊದಲ ದೋಷವೇ ಶಾಶ್ವತ ದೋಷ.

ಹೊಸದು ಬೇಕೇ ಬೇಕೇ ಎಂದೂ ಒಮ್ಮೆ ಕೇಳಿಕೊಳ್ಳಿ. ವಿಟ್ಲ ದಾಟಿ ಗಡಿಯಾಚೆ ಕಾಸರಗೋಡಿಗೆ ಹೋದರೆ, ಅಲ್ಲಿನ ಕನ್ನಡ ಮಾಧ್ಯಮ ಶಾಲೆಗಳ ಕಂಪ್ಯೂಟರುಗಳಲ್ಲೂ ಕೇರಳ ಸರಕಾರದ ‘ಕೈಟ್’ ಸಂಸ್ಥೆ ಸಿದ್ಧಪಡಿಸಿದ ಗ್ನೂ ಲಿನಕ್ಸ್ ಇದೆ. ಅವರು ಹೊಸ ಪ್ಯಾಕೇಜ್ ಮ್ಯಾನೇಜರ್ ಬರೆಯಲಿಲ್ಲ. ಉಬುಂಟುವನ್ನೇ ತಳಪಾಯವಾಗಿಟ್ಟು ಶಾಲೆಗೆ ಬೇಕಾದ ಪ್ಯಾಕೇಜುಗಳನ್ನು ಆರಿಸಿ ಕಟ್ಟಿದರು. ನಿಮಗೆ ಬೇಕಿರುವುದು ಶಾಲೆಗೊಂದು ವ್ಯವಸ್ಥೆ ಎಂದಾದರೆ ಅದೇ ಸರಿಯಾದ ದಾರಿ. ನಿಮ್ಮದೇ ಕಿರು ವ್ಯವಸ್ಥೆಯೊಂದು ಇದೆ, ಅಥವಾ ಒಳಗಿನ ಗುಟ್ಟು ಕಲಿಯಬೇಕು ಎಂದಾದರೆ ಮಾತ್ರ ಮುಂದೆ ಓದಿ.

ಬಂಟ್ವಾಳದ ಕಿರ್ದಿ

ಘಟ್ಟದ ಸಾಮಾನು ಚಾರ್ಮಾಡಿ ಇಳಿದು ಬಂಟ್ವಾಳಕ್ಕೆ ಬಂದು, ಅಲ್ಲಿಂದ ದೋಣಿಯಲ್ಲಿ ನೇತ್ರಾವತಿಯ ಮೇಲೆ ಮಂಗಳೂರಿಗೆ ಹೋಗುತ್ತಿದ್ದ ಕಾಲವೊಂದಿತ್ತು. ಅಂಥ ಪೇಟೆಯ ವ್ಯಾಪಾರಿ ಎರಡು ಪುಸ್ತಕ ಇಡುತ್ತಾನೆ. ನಡೆದ ವ್ಯವಹಾರವನ್ನು ನಡೆದ ಕ್ಷಣಕ್ಕೇ ಕಿರ್ದಿಯಲ್ಲಿ ಬರೆಯುತ್ತಾನೆ. ಸಂಜೆ ಕುಳಿತು ಅದನ್ನು ಖಾತೆಗಳಿಗೆ ಏರಿಸುತ್ತಾನೆ. ನೆರೆ ಬಂದು ಅರ್ಧದಲ್ಲಿ ಅಂಗಡಿ ಮುಚ್ಚಿದರೂ ಕಿರ್ದಿ ಕೈಯಲ್ಲಿದ್ದರೆ ಖಾತೆ ಮತ್ತೆ ಬರೆಯಬಹುದು. ಖಾತೆ ಮಾತ್ರ ಇಟ್ಟವನು ಜಗಳದಲ್ಲಿ ಬೀಳುತ್ತಾನೆ.

ಡೆಬಿಯನ್ನಿನ ಡಿಪಿಕೆಜಿ ಮಾಡುವುದೂ ಇದನ್ನೇ. ಯಾವ ಪ್ಯಾಕೇಜು ಯಾವ ಸ್ಥಿತಿಯಲ್ಲಿದೆ ಎಂಬ ದೊಡ್ಡ ಖಾತೆ ‘ಸ್ಟೇಟಸ್’ ಎಂಬ ಒಂದೇ ಪಠ್ಯ ಫೈಲು. ಕೆಲಸ ನಡೆಯುವಾಗ ಪ್ರತಿ ಹೆಜ್ಜೆಯನ್ನು ಅದು ‘ಅಪ್‌ಡೇಟ್ಸ್’ ಎಂಬ ಡೈರೆಕ್ಟರಿಯಲ್ಲಿ ಪುಟ್ಟ ಚೀಟಿಗಳಾಗಿ ಬರೆಯುತ್ತದೆ, ಆಮೇಲೆ ಖಾತೆಗೆ ಸೇರಿಸುತ್ತದೆ. ‘ಬಿಚ್ಚಿಯಾಗಿದೆ, ಹೊಂದಿಸಿಲ್ಲ’, ‘ಅರ್ಧ ಹಾಕಿದೆ’, ‘ತೆಗೆದಿದೆ, ಸೆಟ್ಟಿಂಗ್ ಉಳಿದಿದೆ’ ಎಂಬಂಥ ನಡುವಿನ ಸ್ಥಿತಿಗಳಿಗೂ ಅದು ಹೆಸರು ಕೊಟ್ಟಿದೆ. ನಮ್ಮ ಲ್ಯಾಬಿನ ಆ ಮೂರು ಯಂತ್ರಗಳು ಒಂದೇ ಆಜ್ಞೆಯಲ್ಲಿ ಎದ್ದದ್ದು ಈ ಕಾರಣಕ್ಕೆ. ಹೊಸದಾಗಿ ಬರೆಯುವವರು ಸಾಮಾನ್ಯವಾಗಿ ‘ಇದೆ’, ‘ಇಲ್ಲ’ ಎಂಬ ಎರಡೇ ಸ್ಥಿತಿ ಇಡುತ್ತಾರೆ. ನಡುವೆ ಸಿಕ್ಕಿಬಿದ್ದ ಪ್ಯಾಕೇಜಿಗೆ ಆಗ ಹೆಸರೇ ಇರುವುದಿಲ್ಲ. ಹೆಸರಿಲ್ಲದ್ದನ್ನು ರಿಪೇರಿ ಮಾಡಲಾಗುವುದಿಲ್ಲ.

ಕ್ರಮ ಹೀಗಿರಲಿ. ಬೇಕಾದ ಪ್ಯಾಕೇಜುಗಳೆಲ್ಲ ಪೂರ್ತಿ ಇಳಿದು, ಪರೀಕ್ಷೆ ಮುಗಿಯುವವರೆಗೆ ಡಿಸ್ಕಿನ ಒಂದು ಫೈಲನ್ನೂ ಮುಟ್ಟಬೇಡಿ. ಆಮೇಲೆ ಕಿರ್ದಿಯಲ್ಲಿ ಬರೆಯಿರಿ: ಇಂಥ ಪ್ಯಾಕೇಜು, ಈ ಆವೃತ್ತಿಯಿಂದ ಆ ಆವೃತ್ತಿಗೆ, ಈ ಫೈಲುಗಳು. ಆ ಬರಹ ಡಿಸ್ಕಿಗೆ ನಿಜವಾಗಿ ಇಳಿಯುವಂತೆ ‘ಎಫ್‌ಸಿಂಕ್’ ಕರೆ ಕೊಡಿ. ಬಳಿಕ ಪ್ರತಿ ಹೊಸ ಫೈಲನ್ನು ಹಳತರ ಪಕ್ಕದಲ್ಲೇ ತಾತ್ಕಾಲಿಕ ಹೆಸರಿನಲ್ಲಿ ಬಿಚ್ಚಿ, ಅದಕ್ಕೂ ಎಫ್‌ಸಿಂಕ್ ಕೊಟ್ಟು, ಕೊನೆಗೆ ‘ರಿನೇಮ್’ ಮಾಡಿ ಹಳತರ ಜಾಗಕ್ಕೆ ತನ್ನಿ. ಯುನಿಕ್ಸ್ ಕುಲದ ವ್ಯವಸ್ಥೆಗಳಲ್ಲಿ ರಿನೇಮ್ ಎಂಬುದು ಇಡಿಯಾಗಿ ಆಗುತ್ತದೆ ಅಥವಾ ಆಗುವುದೇ ಇಲ್ಲ. ಓಡುತ್ತಿರುವ ಬ್ರೌಸರಿಗೂ ಇದರಿಂದ ತೊಂದರೆಯಿಲ್ಲ. ಅದು ಹಿಡಿದಿರುವ ಹಳೆ ಫೈಲು ಮುಚ್ಚುವವರೆಗೆ ಬದುಕಿರುತ್ತದೆ. ‘ಪಕ್ಕದಲ್ಲೇ’ ಎಂದದ್ದಕ್ಕೆ ಕಾರಣವಿದೆ: ಒಂದು ಪಾರ್ಟಿಶನ್ನಿನಿಂದ ಇನ್ನೊಂದಕ್ಕೆ ರಿನೇಮ್ ನಡೆಯುವುದಿಲ್ಲ. ಎಲ್ಲ ಮುಗಿದ ಮೇಲೆ ಡೇಟಾಬೇಸ್ ತಿದ್ದಿ, ಕಿರ್ದಿಯ ಸಾಲನ್ನು ಹೊಡೆದುಹಾಕಿ.

ಎಫ್‌ಸಿಂಕ್ ಬಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಆ ಸೊನ್ನೆ ಬೈಟಿನ ಫೈಲೇ ಸಾಕ್ಷಿ. ಇಎಕ್ಸ್‌ಟಿ4 ಎಂಬ ಫೈಲ್ ಸಿಸ್ಟಮ್ ಹೊಸದಾಗಿ ಬಂದಾಗ, 2009ರ ಸುಮಾರಿಗೆ, ಲೋಕದ ತುಂಬ ಇದೇ ಗಲಾಟೆ ನಡೆದಿತ್ತು. ವೇಗಕ್ಕಾಗಿ ಅದು ಫೈಲಿನ ಒಡಲನ್ನು ಡಿಸ್ಕಿಗೆ ಬರೆಯುವುದನ್ನು ಮುಂದೂಡುತ್ತದೆ. ಹೆಸರು ಮೊದಲು ಇಳಿದು ಒಡಲು ಇಳಿಯುವ ಮೊದಲು ಕರೆಂಟು ಹೋದರೆ ಖಾಲಿ ಚೀಲ ಉಳಿಯುತ್ತದೆ.

ಇಷ್ಟಾದರೂ ಒಂದು ಬಿರುಕು ಉಳಿಯಿತು. ಒಂದು ರಿನೇಮ್ ಇಡಿಯಾದದ್ದು ನಿಜ, ಆದರೆ ನೂರು ಫೈಲುಗಳ ನೂರು ರಿನೇಮ್ ಇಡಿಯಲ್ಲ. ಐವತ್ತನೆಯದರಲ್ಲಿ ಕರೆಂಟು ಹೋದರೆ ಅರ್ಧ ಹೊಸತು, ಅರ್ಧ ಹಳತು. ಮತ್ತೆ ಎದ್ದಾಗ ಕಿರ್ದಿಯಲ್ಲಿ ಹೊಡೆದುಹಾಕದ ಸಾಲು ಕಂಡರೆ, ರಿನೇಮ್ ಆರಂಭವಾಗಿಲ್ಲವಾದರೆ ತಾತ್ಕಾಲಿಕ ಫೈಲುಗಳನ್ನು ಅಳಿಸಿ ಹಿಂದಕ್ಕೆ ಹೋಗಿ; ಆರಂಭವಾಗಿದ್ದರೆ ಉಳಿದದ್ದನ್ನು ಮುಗಿಸಿ ಮುಂದಕ್ಕೆ ಹೋಗಿ. ನಡುವೆ ನಿಲ್ಲುವುದು ಬೇಡ.

ಈ ಬಿರುಕನ್ನೇ ಇಲ್ಲವಾಗಿಸಿದವರೂ ಇದ್ದಾರೆ. ಏಲ್ಕೋ ಡೋಲ್ಸ್ಟ್ರಾ ತಮ್ಮ 2006ರ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ‘ನಿಕ್ಸ್’ನಲ್ಲಿ ಪ್ರತಿ ಪ್ಯಾಕೇಜು ತನ್ನದೇ ಡೈರೆಕ್ಟರಿಯಲ್ಲಿ ಕೂರುತ್ತದೆ, ಹಳತರ ಮೇಲೆ ಹೊಸತು ಬರುವುದೇ ಇಲ್ಲ. ಕೊನೆಗೆ ಒಂದು ಕೊಂಡಿಯನ್ನು ಹಳೆ ಪೀಳಿಗೆಯಿಂದ ಹೊಸ ಪೀಳಿಗೆಗೆ ತಿರುಗಿಸುತ್ತಾರೆ, ಅಷ್ಟೇ. ‘ಹೈಕು’ ವ್ಯವಸ್ಥೆ ಇನ್ನೂ ಮುಂದೆ ಹೋಗಿ ಪ್ಯಾಕೇಜನ್ನು ಬಿಚ್ಚುವುದೇ ಇಲ್ಲ. ಫೈಲನ್ನು ಹಾಗೇ ಇಟ್ಟು ಅದರ ಒಡಲನ್ನು ಡಿಸ್ಕಿನ ಭಾಗದಂತೆ ತೋರಿಸುತ್ತದೆ. ಪ್ಯಾಕೇಜು ತೆಗೆಯುವುದೆಂದರೆ ಒಂದು ಫೈಲನ್ನು ಆಚೆ ಎಳೆಯುವುದು. ಅಪ್‌ಗ್ರೇಡ್ ಕೆಟ್ಟರೆ ಬೂಟ್ ಆಗುವಾಗಲೇ ಹಿಂದಿನ ಸ್ಥಿತಿಯನ್ನು ಆರಿಸಿಕೊಳ್ಳಬಹುದು. ಕರೆಂಟು ನೆಚ್ಚಲಾಗದ ಊರಿಗೆ ಹೈಕುವಿನ ಮಾದರಿಯೇ ನನಗೆ ಹೆಚ್ಚು ಇಷ್ಟ. ಆದರೆ ಅದಕ್ಕೆ ಫೈಲ್ ಸಿಸ್ಟಮ್ ಬರೆಯಲು ಬರಬೇಕು. ಎಂಟು ತಿಂಗಳ ಪ್ರಾಜೆಕ್ಟಿಗೆ ಕಿರ್ದಿಯ ದಾರಿಯೇ ಕ್ಷೇಮ.

ಪ್ಯಾಕೇಜು ಫೈಲಿನ ರೂಪದ ಬಗ್ಗೆ ಹೆಚ್ಚು ಹೊತ್ತು ಕಳೆಯಬೇಡಿ. ಒಂದು ‘ಟಾರ್’, ಅದರ ಮೊದಲಲ್ಲಿ ವಿವರದ ಫೈಲು, ಆಮೇಲೆ ಸಾಮಾನು. ವಿವರ ಮೊದಲಲ್ಲೇ ಇದ್ದರೆ ಇಡೀ ಫೈಲು ಬಿಚ್ಚದೆ ಓದಬಹುದು. ಕುಗ್ಗಿಸಲು ‘ಝೆಡ್‌ಸ್ಟ್ಯಾಂಡರ್ಡ್’ ಸಾಕು. 2019ರ ಕೊನೆಗೆ ಆರ್ಚ್ ಲಿನಕ್ಸ್ ಇದಕ್ಕೆ ಬದಲಾದಾಗ ಪ್ಯಾಕೇಜುಗಳ ಒಟ್ಟು ಗಾತ್ರ ಏರಿದ್ದು ಶೇ. 0.8ರಷ್ಟು, ಬಿಚ್ಚುವ ವೇಗ ಏರಿದ್ದು ಸುಮಾರು ಶೇ. 1300.

ಕನ್ನಡ ಕೀಲಿಮಣೆ ಬೇಕೆಂದಾಗ

ಅವಲಂಬನೆಯ ಲೆಕ್ಕವನ್ನು ನಮ್ಮದೇ ಉದಾಹರಣೆಯಲ್ಲಿ ನೋಡೋಣ. ಕಿನ್ನಿಕಂಬಳ ಪದ್ಮನಾಭ ರಾವ್, ಅಂದರೆ ನಮ್ಮ ಕೆ.ಪಿ. ರಾವ್, ರೂಪಿಸಿದ ಕೀಲಿಮಣೆ ವಿನ್ಯಾಸ ಇಂದು ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸಿನಲ್ಲೂ ಇದೆ. (ತಮ್ಮ ತಂತ್ರಾಂಶಕ್ಕೆ ವಿದ್ವಾಂಸ ಸೇಡಿಯಾಪು ಕೃಷ್ಣ ಭಟ್ಟರ ಹೆಸರಿಟ್ಟವರು ಅವರು.) ಡೆಬಿಯನ್ನಿನಲ್ಲಿ ಐಬಸ್-ಎಂ17ಎನ್ ಎಂಬ ಪ್ಯಾಕೇಜಿನ ಮೂಲಕ ಅದನ್ನು ಬಳಸಬೇಕೆಂದರೆ ಐಬಸ್ ಬೇಕು, ಎಂ17ಎನ್ ಲೈಬ್ರರಿ ಬೇಕು, ಭಾಷೆಗಳ ಕೀಲಿವಿವರ ತುಂಬಿದ ದತ್ತಾಂಶದ ಪ್ಯಾಕೇಜು ಬೇಕು. ಇವಿಲ್ಲದೆ ಕೆಲಸ ನಡೆಯದು. ಇವು ‘ಬೇಕೇ ಬೇಕು’ ಎಂಬ ಬಗೆ. ಗುಬ್ಬಿ, ನವಿಲು ಎಂಬ ಕನ್ನಡ ಫಾಂಟುಗಳು ಬೇರೆ ಬಗೆ. ಫಾಂಟಿಲ್ಲದಿದ್ದರೂ ಕಾರ್ಯಕ್ರಮ ಓಡುತ್ತದೆ, ಪರದೆಯ ಮೇಲೆ ಅಕ್ಷರದ ಬದಲು ಚೌಕಗಳು ಕಾಣಿಸುತ್ತವೆ. ಇದು ‘ಇದ್ದರೆ ಒಳ್ಳೆಯದು’. ಈ ಎರಡು ಬಗೆಯನ್ನು ಬೇರ್ಪಡಿಸದ ವಿನ್ಯಾಸದಲ್ಲಿ ಒಂದೋ ಬಳಕೆದಾರ ಚೌಕ ನೋಡುತ್ತಾನೆ, ಇಲ್ಲವೇ ಒಂದು ಆಟ ಕೇಳಿದವನಿಗೆ ಇಡೀ ಡೆಸ್ಕ್‌ಟಾಪ್ ಬಂದು ಬೀಳುತ್ತದೆ.

ಪ್ಯಾಕೇಜುಗಳು ಹೆಚ್ಚಿದಂತೆ ‘ಇದಿದ್ದರೆ ಅದಿರಬಾರದು’, ‘ಇದರ ಬದಲು ಅದಾದೀತು’ ಎಂಬ ಷರತ್ತುಗಳು ಹೆಣೆದುಕೊಳ್ಳುತ್ತವೆ. 2023ರ ಡೆಬಿಯನ್ 12ರಲ್ಲಿ 64,000ಕ್ಕೂ ಮಿಕ್ಕಿ ಪ್ಯಾಕೇಜುಗಳಿವೆ. ಇಂಥ ಗುಂಪಿನಲ್ಲಿ ಒಂದು ಪ್ಯಾಕೇಜು ಹಾಕಲು ಸಾಧ್ಯವೇ ಎಂಬ ಪ್ರಶ್ನೆ ‘ಎನ್‌ಪಿ-ಕಂಪ್ಲೀಟ್’ ಎಂದು ಯುರೋಪಿನ ‘ಇಡಾಸ್’ ಸಂಶೋಧನಾ ಯೋಜನೆ ತೋರಿಸಿತು. ಹೆದರಬೇಡಿ, ನಿಜಜೀವನದ ಲೆಕ್ಕಗಳು ಅಷ್ಟು ಕೆಟ್ಟವಲ್ಲ. ಓಪನ್‌ಸೂಸೆ 2008ರಲ್ಲೇ ‘ಸ್ಯಾಟ್’ ಬಗೆಯ ಪರಿಹಾರಕವನ್ನು ಅಳವಡಿಸಿಕೊಂಡಿತು. ಅದೇ ದಾರಿಯ ‘ಲಿಬ್‌ಸಾಲ್ವ್’ ಲೈಬ್ರರಿಯನ್ನು ಯಾರು ಬೇಕಾದರೂ ಬಳಸಬಹುದು. ನೀವೇ ಪರಿಹಾರಕ ಬರೆಯಲು ಹೊರಟರೆ ಅದೇ ಇನ್ನೊಂದು ಪ್ರಾಜೆಕ್ಟು.

ಆಗದಿದ್ದಾಗ ‘ಯಾಕೆ ಆಗಲಿಲ್ಲ’ ಎಂದು ಹೇಳುವ ಮಾತಿನ ಮೇಲೆ ಮಾತ್ರ ಶ್ರಮ ಹಾಕಿ, ಅದನ್ನು ಕನ್ನಡದಲ್ಲೂ ಹೇಳಿ. ಇಲ್ಲೊಂದು ಗುಂಡಿಯಿದೆ. ‘ಇದಕ್ಕೆ ಅದು ಬೇಕು’ ಎಂಬ ವಾಕ್ಯವನ್ನು ಕೋಡಿನಲ್ಲಿ ತುಂಡುಗಳಾಗಿ ಜೋಡಿಸಿದರೆ ಕನ್ನಡ ಕೆಡುತ್ತದೆ. ನಮ್ಮ ವಿಭಕ್ತಿ ಪ್ರತ್ಯಯ ಹೆಸರಿನ ಕೊನೆಯ ಅಕ್ಷರ ನೋಡಿ ಬದಲಾಗುತ್ತದೆ – ‘ಗುಬ್ಬಿಗೆ’, ‘ನವಿಲಿಗೆ’, ‘ಐಬಸ್ಸಿಗೆ’. ಪ್ಯಾಕೇಜಿನ ಹೆಸರು ಏನಾಗಿರುತ್ತದೋ ಕೋಡಿಗೆ ಗೊತ್ತಿಲ್ಲ. ‘ಗುಬ್ಬಿ ಎಂಬ ಪ್ಯಾಕೇಜಿಗೆ’ ಎಂದು ಬರೆದರೆ ಪ್ರತ್ಯಯ ನಮಗೆ ಗೊತ್ತಿರುವ ಪದಕ್ಕೆ ಹತ್ತುತ್ತದೆ, ಎಲ್ಲ ಹೆಸರಿಗೂ ಹೊಂದುತ್ತದೆ.

ಬಳಕೆದಾರ ತಿದ್ದಿದ ಸೆಟ್ಟಿಂಗ್ ಫೈಲುಗಳ ವಿಷಯದಲ್ಲಿ ಒಂದೇ ನಿಯಮ: ಅವನ ತಿದ್ದುಪಡಿಯನ್ನು ಕೇಳದೆ ಅಳಿಸಬೇಡಿ. ಹಳೆ ಪ್ಯಾಕೇಜಿನಲ್ಲಿದ್ದದ್ದು, ಹೊಸದರಲ್ಲಿರುವುದು, ಡಿಸ್ಕಿನಲ್ಲಿರುವುದು – ಮೂರನ್ನೂ ಹೋಲಿಸಿ. ಆರ್ಚಿನ ಪ್ಯಾಕ್‌ಮನ್ ಹೊಸದನ್ನು ಬೇರೆ ಹೆಸರಿನಲ್ಲಿ ಪಕ್ಕಕ್ಕಿಡುತ್ತದೆ, ಡಿಪಿಕೆಜಿ ನಿಲ್ಲಿಸಿ ಕೇಳುತ್ತದೆ. ಪಕ್ಕಕ್ಕಿಡುವುದೇ ಮೇಲು. ಕೇಳಿದ ಹೊತ್ತಿಗೆ ಎದುರಿಗೆ ಯಾರೂ ಇರುವುದಿಲ್ಲ, ಚಹಾಕ್ಕೆ ಹೋಗಿರುತ್ತಾರೆ.

ಮೂಡುಬಿದಿರೆಯ ಓಲೆಗರಿ, ಒಂದು ತಪ್ಪಿದ ಪದ

ದಿಗಂಬರ ಜೈನರ ಆಗಮಗ್ರಂಥವಾದ ಷಟ್ಖಂಡಾಗಮದ ಮೇಲಿನ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಉಳಿದುಬಂದದ್ದು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ, ಹಳೆಗನ್ನಡ ಲಿಪಿಯಲ್ಲಿ. ಹತ್ತೊಂಬತ್ತನೇ ಶತಮಾನದ ಕೊನೆಯಿಂದ ಅವುಗಳ ನಕಲು ನಡೆಯಿತು. ನಕಲಿನ ನಕಲುಗಳು ಉತ್ತರ ಭಾರತಕ್ಕೂ ಹೋದವು. ಹೀರಾಲಾಲ್ ಜೈನ್ ಅವರ ಸಂಪಾದನೆಯಲ್ಲಿ ಮೊದಲ ಸಂಪುಟ 1939ರಲ್ಲಿ ಅಚ್ಚಾಯಿತು. ಅದರ 93ನೇ ಸೂತ್ರದಲ್ಲಿ ‘ಸಂಜದ’ ಎಂಬ ಒಂದು ಪದ ಇರಬೇಕೋ ಬೇಡವೋ ಎಂದು ವಿದ್ವಾಂಸರ ನಡುವೆ ದೊಡ್ಡ ಚರ್ಚೆಯೆದ್ದಿತು. ಸ್ತ್ರೀಯರಿಗೆ ಪೂರ್ಣ ಸಂಯಮ ಸಾಧ್ಯವೇ ಎಂಬ ಪ್ರಶ್ನೆ ಆ ಪದದ ಮೇಲೆ ನಿಂತಿತ್ತು. ನಕಲಿನಲ್ಲಿ ಇಲ್ಲದ ಆ ಪದ ಮೂಡುಬಿದಿರೆಯ ಓಲೆಯಲ್ಲಿತ್ತು.

ಪ್ಯಾಕೇಜುಗಳ ಪ್ರತಿ ಇಟ್ಟು ಹಂಚುವ ಮಿರರ್ ಸರ್ವರು ಎಂಬುದು ಇದೇ ನಕಲು. ಒಂದೇ ಕಡೆ ಇದ್ದರೆ ಕಳೆದುಹೋಗುವ ಭಯ, ಹಲವು ಕಡೆ ಇದ್ದರೆ ಬದಲಾಗುವ ಭಯ. ಪರಿಹಾರ ಹೀಗೆ: ಪ್ರತಿ ಪ್ಯಾಕೇಜಿನ ಹ್ಯಾಶ್ – ಒಂದು ಅಕ್ಷರ ತಪ್ಪಿದರೂ ಬೇರೆಯಾಗುವ ಮುದ್ರೆ – ಸೂಚಿ ಫೈಲಿನಲ್ಲಿರಲಿ. ಆ ಸೂಚಿಗೆ ಮೂಲದವರು ಸಹಿ ಹಾಕಲಿ. ಆಗ ಪ್ಯಾಕೇಜು ಯಾವ ಮಿರರಿನಿಂದ ಬಂದರೂ, ಯಾರ ಪೆನ್‌ಡ್ರೈವಿನಿಂದ ಬಂದರೂ ಪರೀಕ್ಷಿಸಬಹುದು. ಸಹಿ ಹಾಕುವ ಕೀಲಿ ನೆಟ್ಟಿಗೆ ಅಂಟಿದ ಯಂತ್ರದಲ್ಲಿ ಬೇಡ.

ಸಹಿಯೊಂದೇ ಸಾಲದು. ಕಳೆದ ವರ್ಷದ ಸೂಚಿಗೂ ನಿಜವಾದ ಸಹಿ ಇರುತ್ತದೆ. ಕೆಟ್ಟ ಮಿರರೊಂದು ಅದನ್ನೇ ಕೊಡುತ್ತ ಹೋದರೆ ನಿಮಗೆ ಭದ್ರತಾ ತಿದ್ದುಪಡಿಗಳು ಸಿಗುವುದೇ ಇಲ್ಲ. ಅದಕ್ಕೆ ಸೂಚಿಯೊಳಗೆ ‘ಇಂಥ ದಿನದವರೆಗೆ ಮಾತ್ರ ಸಲ್ಲುತ್ತದೆ’ ಎಂಬ ತಾರೀಖು ಇರಲಿ. ಡೆಬಿಯನ್ನಿನಲ್ಲಿ ಇದಕ್ಕೆ ಏರ್ಪಾಡಿದೆ. ಪರೀಕ್ಷೆಗೆ ಮೊದಲು ಹೊರಗಿನಿಂದ ಬಂದ ಏನನ್ನೂ ನಂಬಬೇಡಿ. 2019ರ ಜನವರಿಯಲ್ಲಿ ಡೆಬಿಯನ್ನಿನಲ್ಲಿ ಪ್ಯಾಕೇಜು ಇಳಿಸಿ ತರುವ ಆ್ಯಪ್ಟ್‌ನಲ್ಲೇ, ಸರ್ವರು ಬೇರೆ ವಿಳಾಸಕ್ಕೆ ಕಳಿಸುವ ಉತ್ತರವನ್ನು ಓದುವ ಕಡೆ ದೋಷ ಸಿಕ್ಕಿತು. ನಡುವೆ ಕುಳಿತವನು ತನ್ನ ಫೈಲನ್ನು ತೂರಿಸಬಹುದಿತ್ತು. ಇನ್ನು 2024ರ ಮಾರ್ಚಿನಲ್ಲಿ ‘ಎಕ್ಸ್‌ಝಡ್’ ಎಂಬ ಕುಗ್ಗಿಸುವ ತಂತ್ರಾಂಶದ ಒಳಗೇ ಕಳ್ಳಬಾಗಿಲು ಇಟ್ಟಿದ್ದನ್ನು ಆ್ಯಂಡ್ರೆಸ್ ಫ್ರಾಯ್ಂಡ್ ಪತ್ತೆಹಚ್ಚಿದರು. ಅಲ್ಲಿ ಕೆಟ್ಟದ್ದು ಅಕ್ಕಿಚೀಲದ ಮೊಹರಲ್ಲ, ಭತ್ತವೇ. ಅದನ್ನು ಯಾವ ಪ್ಯಾಕೇಜ್ ಮ್ಯಾನೇಜರೂ ತಡೆಯದು.

ನೆಟ್ಟು ಸಿಗದ ಕಡೆಗೆ

2019ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಚಾರ್ಮಾಡಿ ಘಾಟಿ ಮುಚ್ಚಿದಾಗ ಘಟ್ಟ ಹತ್ತುವವರು ಬೇರೆ ದಾರಿ ಹಿಡಿದರು. ನಿಮ್ಮ ಉಪಕರಣಕ್ಕೂ ಒಂದು ಮಿರರ್ ಮುಚ್ಚಿದರೆ ಮುಂದಿನದು ಗೊತ್ತಿರಲಿ, ನಿಂತ ಡೌನ್‌ಲೋಡನ್ನು ನಿಂತಲ್ಲಿಂದಲೇ ಮುಂದುವರಿಸಲು ಬರಲಿ. ಹಳತಿಗೂ ಹೊಸತಿಗೂ ಇರುವ ವ್ಯತ್ಯಾಸ ಮಾತ್ರ ಕಳಿಸುವ ‘ಡೆಲ್ಟಾ’ ಕೇಳಲು ಚಂದ, ನಡೆಸಲು ಕಷ್ಟ; ಫೆಡೋರಾ 2024ರಲ್ಲಿ ಅದನ್ನು ಕೈಬಿಟ್ಟಿತು. ಲ್ಯಾಬಿಗೆ ಅದಕ್ಕಿಂತ ಒಂದು ಸ್ಥಳೀಯ ಸಂಗ್ರಹ ಮೇಲು. ಮೊದಲ ಯಂತ್ರ ಇಳಿಸಿದ್ದನ್ನು ಉಳಿದ ಹತ್ತೊಂಬತ್ತು ಅದರಿಂದಲೇ ಪಡೆಯಲಿ.

ದಿಡುಪೆ, ಶಿಶಿಲದ ಕಡೆಯ ಒಂದು ಮನೆಯ ಯಂತ್ರವನ್ನು ಮನಸ್ಸಿನಲ್ಲಿಟ್ಟು ನೋಡಿ. ರಿತೇಶ್ ರಾಜ್ ಸರಾಫ್ ಬರೆದ ‘ಆ್ಯಪ್ಟ್-ಆಫ್‌ಲೈನ್’ ಅಂಥ ಯಂತ್ರಕ್ಕೇ ಮಾಡಿದಂತಿದೆ. ನೆಟ್ಟಿಲ್ಲದ ಯಂತ್ರ ತನಗೆ ಬೇಕಾದದ್ದರ ಪಟ್ಟಿಯನ್ನು ಒಂದು ಫೈಲಿಗೆ ಬರೆದು ಕೊಡುತ್ತದೆ. ಪೆನ್‌ಡ್ರೈವಿನಲ್ಲಿ ಅದನ್ನು ಬೆಳ್ತಂಗಡಿ ಪೇಟೆಗೆ ಒಯ್ದು, ನೆಟ್ಟಿರುವಲ್ಲಿ ಇಳಿಸಿ ತಂದರೆ ಸಾಕು. ಈ ಸೌಲಭ್ಯವನ್ನು ಆಮೇಲೆ ಅಂಟಿಸುವ ಬದಲು ಮೊದಲ ದಿನವೇ ಸೇರಿಸಿ. ಪಟ್ಟಿ ಮಾಡುವುದು, ತರುವುದು, ಹಾಕುವುದು – ಇವು ಮೂರು ಬೇರೆ ಬೇರೆ ಕಾರ್ಯಗಳಾಗಿದ್ದರೆ ನಡುವಿನದನ್ನು ನೆಟ್ಟು ಮಾಡಿದರೂ ಬಸ್ಸು ಮಾಡಿದರೂ ವ್ಯತ್ಯಾಸವಿಲ್ಲ.

ಕೊನೆಗೆ ಪರೀಕ್ಷೆ. ಒಂದು ವರ್ಚುವಲ್ ಯಂತ್ರ ತೆರೆದು, ಐವತ್ತು ಪ್ಯಾಕೇಜುಗಳ ಅಪ್‌ಗ್ರೇಡ್ ಶುರುಮಾಡಿ, ಯಾದೃಚ್ಛಿಕವಾಗಿ ಆರಿಸಿದ ಒಂದು ಕ್ಷಣದಲ್ಲಿ ಹೇಳದೆ ಕೇಳದೆ ಅದನ್ನು ಕೊಲ್ಲುವ ಸ್ಕ್ರಿಪ್ಟ್ ಬರೆಯಿರಿ. ಮತ್ತೆ ಎಬ್ಬಿಸಿ, ಪ್ರತಿ ಫೈಲಿನ ಹ್ಯಾಶನ್ನು ಡೇಟಾಬೇಸಿನ ಜತೆ ತಾಳೆ ನೋಡಿ. ರಾತ್ರಿಯಿಡೀ ಐನೂರು ಸಲ ನಡೆಯಲಿ. ಎಷ್ಟನೇ ಸಲ, ಯಾವ ಹೆಜ್ಜೆಯಲ್ಲಿ ಬಿದ್ದಿತು ಎಂದು ಬರೆದಿಡಿ. ಐನೂರೂ ದಾಟಿದ ಮೇಲೆ ಲ್ಯಾಬಿನ ಮೂಲೆಯಲ್ಲಿರುವ ಹಳೆ ಹಾರ್ಡ್ ಡಿಸ್ಕಿನ ಯಂತ್ರಕ್ಕೆ ಹಾಕಿ, ಅಪ್‌ಗ್ರೇಡ್ ಅರ್ಧಕ್ಕೆ ಬಂದಾಗ ಪ್ಲಗ್ ಕೀಳಿ. ಜೂನ್ ತಿಂಗಳಾದರೆ ಕೀಳುವ ಕೆಲಸವೂ ಇಲ್ಲ, ಕಾದರೆ ಸಾಕು.